ಇನ್ನೊಂದು ಕಡ್ಡಿ

ಹೋಗಲಿಲ್ಲ. ವಿವೇಕಾನಂದ ಬಚ್ಚಲಿನ ಕನ್ನಡಿಗೆ ಇನ್ನಷ್ಟು ಸರಿದು, ಹಲ್ಲುಗಳ ನಡುವೆ ಕಚ್ಚಿಕೊಂಡಿದ್ದ ಐಸ್‌ಕ್ರೀಮ್ ಕಡ್ಡಿಗಳ ಕಟ್ಟಿನ ಮೇಲೆ ಹೊಸದೊಂದನ್ನು ಒತ್ತಿದ. ಕಿವಿಯ ಬುಡದಲ್ಲಿ ಏನೋ ಹರಿದಂತಾಯಿತು. ಗದ್ದದಿಂದ ಇಳಿದ ಜೊಲ್ಲು ಬನಿಯನ್ನಿನ ಮೇಲೆ ಬಿತ್ತು. ಕನ್ನಡಿಯಲ್ಲಿದ್ದವನನ್ನು ನೋಡಿ ಅವನಿಗೆ ಹೇಸಿಗೆಯಾಯಿತು.

ಗುಟ್ಕಾ ತಿಂದು ತಿಂದು ಕೆನ್ನೆಯ ಒಳಗು ಒಣಗಿದ ತೊಗಲಿನ ಹಾಗೆ ಬಿಗಿದುಕೊಂಡಿದೆ ಎಂದಿದ್ದರು ಡಾಕ್ಟರು. ತಿನ್ನುವುದು ಬಿಡಬೇಕು, ಬೆಳಿಗ್ಗೆ ಸಂಜೆ ಕಡ್ಡಿ ಕಚ್ಚಿ ಬಾಯಿ ತೆರೆಯುವ ವ್ಯಾಯಾಮ ಮಾಡಬೇಕು, ಒಂದೊಂದೇ ಕಡ್ಡಿ ಏರಿಸುತ್ತ ಹೋಗಬೇಕು. ಅವನು ಬಿಟ್ಟ. ಬಿಟ್ಟದ್ದು ಊರಿಗೆಲ್ಲ ಗೊತ್ತಾಯಿತು. ಬಾಯಿ ಎರಡು ಬೆರಳಿಗಿಂತ ಹೆಚ್ಚು ತೆರೆಯುವುದಿಲ್ಲವೆಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಮನೆಯಲ್ಲಿ ಓದುವ ನೆಪ ಹೇಳಿ ಕೋಣೆಯಲ್ಲೇ ಉಣ್ಣುತ್ತಿದ್ದ. ಅವನು ಪಾಠ ಮಾಡುವ ಕಾಲೇಜಿನಲ್ಲಿ ಅವನಿಂದಲೇ ತಂಬಾಕಿನ ವಿರುದ್ಧ ಭಾಷಣ ಮಾಡಿಸಿದರು. ತುಟಿ ಅಲುಗಿಸದೆ ಆಡಿದ ಅವನ ಮಾತಿಗೆ ಹುಡುಗರು, "ಸರ್ ಮಾತು ಭಾಳ ತೂಕ," ಎಂದರು.

ಕಡ್ಡಿಗಳನ್ನು ಕನ್ನಡಿಯ ಹಿಂದೆ ಸಿಕ್ಕಿಸಿ ವಾಕಿಂಗಿಗೆ ಹೊರಟ. ಖೂಬಾ ಪ್ಲಾಟ್ ಬಡಾವಣೆಯ ಕಾಂಪೌಂಡ್ ಗೋಡೆಗಳ ಮೂಲೆ ಮೂಲೆಯಲ್ಲಿ ಕೆಂಪು ಉಗುಳು. ಎದುರಿಗೆ ಬಂದ ಇಮಾಮುದ್ದೀನ್ ಕೈ ಎತ್ತಿದ. ರಿಟೈರಾದ ಮೇಲೆ ನಡೆಯುವುದನ್ನೇ ನೌಕರಿ ಮಾಡಿಕೊಂಡವನು.

"ಏನ್ ಮಾಸ್ತರ್ರ, ನೀವು ಬಿಟ್ಟ ಮ್ಯಾಲ ಪಾನ್ ಡಬ್ಬಾದಂವ ಉಪಾಸ ಬಿದ್ದಾನಂತ!"

"ಬೀಳ್ಲಿ ಬಿಡ್ರಿ."

ಇಮಾಮುದ್ದೀನ್ ಬಾಯಿ ತುಂಬ ನಕ್ಕ. ಒಳಗಿನ ಕಿರುನಾಲಗೆಯವರೆಗೆ ಕಂಡಿತು. ವಿವೇಕಾನಂದ ಮುಖ ತಿರುಗಿಸಿದ. ಅಷ್ಟಗಲ ತೆರೆದ ಬಾಯಿ ಕಂಡರೆ ಈಗೀಗ ಅವನಿಗೆ ವಾಕರಿಕೆ ಬರುತ್ತಿತ್ತು. ಅದು ಹೊಟ್ಟೆಕಿಚ್ಚು ಎಂದು ಒಪ್ಪಿಕೊಳ್ಳುವುದಕ್ಕಿಂತ ವಾಕರಿಕೆಯೇ ವಾಸಿ.

ಮನೆಗೆ ಬಂದಾಗ ತಾಯಿ ಶಿವಕಾಂತಮ್ಮ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಸಿದ್ಧಳಾಗಿದ್ದಳು. ತಂಗಿ ಮಲ್ಲಿಕಾಳಿಗೆ ಕಮಲಾಪುರದಲ್ಲಿ ಒಂದು ಗಂಡು ಗೊತ್ತಾಗಿತ್ತು. ಹುಡುಗ ಹುಡುಗಿಯನ್ನು ನೋಡಿ ಹೋಗಿದ್ದ. ಇವತ್ತು ಇವರು ಹೋಗಿ ಅವರ ಮನೆ ನೋಡಬೇಕು. ಒಪ್ಪಿಗೆಯಾದರೆ ಬಾಯಿಗೆ ಸಕ್ಕರೆ ಹಾಕಿಸಿಕೊಂಡು ಬರಬೇಕು. ತಂದೆ ಇಲ್ಲದ ಮನೆ, ಆ ಬಾಯಿ ವಿವೇಕಾನಂದನದೇ.

ಮಲ್ಲಿಕಾ ಬಾಗಿಲವರೆಗೂ ಬಂದಳು.

"ಅಣ್ಣಾ, ನಂದು ಒಂದ ಮಾತು. ಗುಟ್ಕಾ ತಿನ್ನಾವ ಬ್ಯಾಡ. ಮನಿ ಸಣ್ಣದಿರ್ಲಿ, ಪಗಾರ ಕಮ್ಮಿ ಇರ್ಲಿ. ನಿನ್ನ ಬೇಸಿನ್ ತಿಕ್ಕಿ ತಿಕ್ಕಿ ನನ್ನ ಕೈ ಸೋತಾವ. ಮತ್ತೊಬ್ಬಂದು ತಿಕ್ಕಾಂಗಿಲ್ಲ."

"ಈಗ ಬಿಟ್ಟೀನಲ್ಲ."

"ಅದಕ್ಕ ನಿನಗ ಹೇಳಾಕತ್ತೀನಿ. ಚಂದಂಗ ನೋಡು. ನೀ ನೋಡಿದ್ರ ನಿನಗ ಗೊತ್ತಾಗ್ತದ."

ಕಮಲಾಪುರದ ಬಸ್ಸಿನಲ್ಲಿ ತಾಯಿಗೆ ಕಿಟಕಿ ಸಿಕ್ಕಿತು. ಮುಂದಿನ ಸೀಟಿನವನು ಹೊರಗೆ ಉಗುಳಿದ. ಗಾಳಿ ಅದನ್ನು ಒಳಕ್ಕೇ ತಂದಿತು. ಶಿವಕಾಂತಮ್ಮ ಸೆರಗಿನಿಂದ ಕೆನ್ನೆ ಒರೆಸಿಕೊಂಡಳು.

"ಬಾಯಲ್ಲ, ಗಟಾರ! ಶಿವ ದೊಡ್ಡಂವ, ತಮ್ಮಾ, ನೀ ಒಬ್ಬಂವ ಪಾರಾದಿ."

ಸೆರಗಿನ ಕೆಂಪು ಕಲೆ ದಾರಿಯುದ್ದಕ್ಕೂ ಅವನ ತೊಡೆಗೆ ತಾಗುತ್ತಿತ್ತು. ಅವನು ಒಂದಿಷ್ಟು ಸರಿದು ಕುಳಿತ. ಮತ್ತೆ ತಾಗಿತು.

ಹುಡುಗನ ತಂದೆ ಪೀರಪ್ಪ ಅಂಗಳದಲ್ಲೇ ಕಾದಿದ್ದ. ತುಂಬು ದನಿಯ ಆಸಾಮಿ. ಜಮಖಾನೆಯ ಮೇಲೆ ಕೂಡಿಸಿ, ದೊಡ್ಡ ತಾಟಿನಲ್ಲಿ ಕೆಂಪು ಬಾಳೆಹಣ್ಣು ತಂದಿಟ್ಟ. ಒಂದೊಂದೂ ಮಗುವಿನ ಮೊಣಕೈಯಷ್ಟು ದಪ್ಪ.

"ತಗೋರಿ ಸರ್, ನಮ್ಮ ತ್ವಾಟದ್ದು. ಪ್ಯಾಟ್ಯಾಗ ಇಂಥಾ ಹಣ್ಣು ಎಲ್ಲಿ ನೋಡ್ತೀರಿ?"

ವಿವೇಕಾನಂದ ಸಿಪ್ಪೆ ಸುಲಿದ. ಇಡೀ ಹಣ್ಣು ಬಾಯಿಗೆ ಹೋಗುವ ಮಾತೇ ಇರಲಿಲ್ಲ. ಯಾರ ಕಣ್ಣಿಗೂ ಬೀಳದಂತೆ ಉಗುರಿನಿಂದ ಎಳೆ ಎಳೆ ಹರಿದು, ತುಟಿಯ ಮೂಲೆಯಿಂದ ತೂರಿಸಿ, ನಾಲಗೆಯಿಂದ ಒಳಗೆಳೆದುಕೊಳ್ಳತೊಡಗಿದ. ಇದನ್ನು ಅವನು ಕಷ್ಟಪಟ್ಟು ಕಲಿತಿದ್ದ. ನೋಡಿದವರಿಗೆ ನಾಜೂಕು ಎನಿಸಬೇಕು.

ತಲೆ ಎತ್ತಿದಾಗ ಎದುರಿಗೆ ಕುಳಿತ ಹುಡುಗ ರೇವಣಸಿದ್ಧನೂ ಹಣ್ಣು ತಿನ್ನುತ್ತಿದ್ದ. ಉಗುರಿನಿಂದ ಎಳೆ ಎಳೆ ಹರಿದು. ತುಟಿಯ ಮೂಲೆಯಿಂದ.

ಇಬ್ಬರ ಕೈಗಳೂ ನಿಂತವು.

ರೇವಣಸಿದ್ಧನ ಹಲ್ಲು ಬೆಳ್ಳಗಿದ್ದವು, ಹೊಸದಾಗಿ ತಿಕ್ಕಿಸಿದ ಬಿಳುಪು. ಗಟ್ಟಿ ತೋಳು. "ನಮ್ಮ ಹುಡುಗ ದಿನಾ ಓಡ್ತಾನ್ರಿ, ಜಿಮ್ಮಿಗೂ ಹೋಗ್ತಾನ. ಚಾ ಸುದ್ದಾ ಮುಟ್ಟಂಗಿಲ್ಲ," ಎಂದು ಪೀರಪ್ಪ ಹೇಳುತ್ತಿದ್ದ. ಶಿವಕಾಂತಮ್ಮ, "ನಮ್ಮಂವನೂ ಹಂಗರಿ," ಎನ್ನುತ್ತಿದ್ದಳು.

ಕೈ ತೊಳೆಯಲು ಹಿತ್ತಲಿಗೆ ಹೋದಾಗ ರೇವಣಸಿದ್ಧ ತಂಬಿಗೆ ಹಿಡಿದು ನಿಂತಿದ್ದ. ನೀರು ಹಾಕುತ್ತ, ತಗ್ಗಿದ ದನಿಯಲ್ಲಿ ಕೇಳಿದ.

"ಸರ್, ನಿಮಗ ಎಷ್ಟ ಕಡ್ಡಿ ಹೋಗ್ತಾವ್ರಿ?"

"ಯಾವ ಕಡ್ಡಿ?"

"ಇರ್ಲಿ ಬಿಡ್ರಿ."

ನೀರು ಬೀಳುತ್ತಿತ್ತು.

"ಬಿಟ್ಟಿ ಏನು?" ಎಂದ ವಿವೇಕಾನಂದ.

"ನೀವು ಬಿಟ್ಟೀರೇನ್ರಿ?"

"ಹೂಂ."

"ನಾನೂ ಹಂಗ ರೀ."

ತಂಬಿಗೆ ಇಡಲು ಹುಡುಗ ಬಗ್ಗಿದ. ಅಂಗಿಯ ಜೇಬಿನಿಂದ ಗಮ್ಮೆಂದು ವಾಸನೆ ಬಂತು. ಸಿಹಿ ಅತ್ತರು, ಸುಣ್ಣ, ಆಗತಾನೆ ಹರಿದ ಗುಟ್ಕಾ ಪಾಕೀಟು. ವಿವೇಕಾನಂದನಿಗೆ ಎಲ್ಲ ತಿಳಿಯಿತು. ತಿಳಿದದ್ದಕ್ಕಲ್ಲ, ಆ ವಾಸನೆಗೆ ತನ್ನ ಬಾಯಲ್ಲಿ ಒಮ್ಮೆಲೇ ನೀರೂರಿದ್ದಕ್ಕೆ ಅವನಿಗೆ ಮೈಯೆಲ್ಲ ಹೇಸಿತು. ಆ ನೀರನ್ನು ಉಗುಳಲಿಲ್ಲ. ನುಂಗಿದ. ಹುಡುಗ ಅದನ್ನೂ ನೋಡಿದ.

ಒಳಗೆ ಬಂದಾಗ ಪೀರಪ್ಪ ಸಕ್ಕರೆಯ ಬಟ್ಟಲು ಹಿಡಿದು ನಿಂತಿದ್ದ.

"ಏನಂತಿ, ತಮ್ಮಾ?" ಎಂದಳು ತಾಯಿ. ಮುಖ ಅರಳಿತ್ತು.

ಬ್ಯಾಡ ಎಂದರೆ ಯಾಕೆ ಎನ್ನುತ್ತಾರೆ. ಯಾಕೆಂದು ಹೇಳಿದರೆ ಹೇಗೆ ಗೊತ್ತಾಯಿತು ಎನ್ನುತ್ತಾರೆ. ಗೋಡೆಗೊರಗಿ ನಿಂತ ರೇವಣಸಿದ್ಧ ಹೆದರಿರಲಿಲ್ಲ. ಕಾಯುತ್ತಿದ್ದ, ಅಷ್ಟೆ.

"ನೀ ಅಂದಂಗ ಆಗ್ಲವ್ವ," ಎಂದ ವಿವೇಕಾನಂದ.

"ಮತ್ತ ತೆರೀರಿ ಸರ್ ಬಾಯಿ!" ಪೀರಪ್ಪ ಚಿಟಿಕೆಯಲ್ಲ, ಮುಷ್ಟಿಯನ್ನೇ ತಂದ. ಸಕ್ಕರೆ ಹಲ್ಲಿಗೆ ಬಡಿದು, ಮೀಸೆಯ ಮೇಲೆ ಸುರಿದು, ಅಂಗಿಯ ಜೇಬಿಗೆ ಬಿತ್ತು. "ಅಯ್ಯ, ದೊಡ್ಡದು ತೆರೀರಲ್ಲ! ತಂಗೀನ್ನ ಕೊಡಾಕ ಇಷ್ಟ ನಾಚಿಕಿ ಏನ್ರಿ?"

ಎಲ್ಲರೂ ನಕ್ಕರು. ರೇವಣಸಿದ್ಧ ತುಟಿ ಮುಚ್ಚಿಕೊಂಡು ನಕ್ಕ.

ಸಂಜೆ ಮನೆ ಸೇರುತ್ತಲೇ ವಿವೇಕಾನಂದ ಬಚ್ಚಲಿಗೆ ಹೊಕ್ಕು ಚಿಲಕ ಹಾಕಿದ. ಅಂಗಿ ಕಳಚಿ ಕನ್ನಡಿಯ ಪಕ್ಕದ ಮೊಳೆಗೆ ಹಾಕಿ, ಮುಖ ತೊಳೆದು, ಬೇಸಿನ್ ಹಿಡಿದು ಬಹಳ ಹೊತ್ತು ನಿಂತ. ಹೊರಗೆ ತಾಯಿ ಸಕ್ಕರೆಯ ಸುದ್ದಿ ಹೇಳುತ್ತಿದ್ದಳು. ಕೊನೆಗೆ ಕನ್ನಡಿಯ ಹಿಂದಿನಿಂದ ಕಡ್ಡಿಗಳನ್ನು ತೆಗೆದು ಹಲ್ಲುಗಳ ನಡುವೆ ಇಟ್ಟುಕೊಂಡ. ಹೆಜ್ಜೆಗಳು ಬಂದು ಬಾಗಿಲಿನಾಚೆ ನಿಂತವು.

"ಅಣ್ಣಾ."

ಅವನು ಕನ್ನಡಿಯಲ್ಲೇ ಬಾಗಿಲ ಚಿಲಕ ನೋಡಿದ.

"ಅವ್ವ ಸಕ್ಕರಿ ಆತಂತ ಕುಣ್ಯಾಕತ್ತಾಳ. ನನಗ ನೀ ಒಂದ ಹೇಳು. ಅಂವ ತಿಂತಾನೋ ಇಲ್ಲೋ? ತಿಂತಾನಂದ್ರ ಈಗ್ಲೂ ಬಿಡ್ತೀನಿ."

ಕನ್ನಡಿಯಲ್ಲಿ ಏನೋ ಕದಲಿತು. ಮೊಳೆಗೆ ಹಾಕಿದ ಅಂಗಿಯ ಜೇಬಿಗೆ ಇರುವೆಗಳ ಸಾಲು ಹತ್ತಿತ್ತು. ಸಾಲು ಕನ್ನಡಿಯ ಹಿಂದಿನಿಂದಲೇ ಬರುತ್ತಿತ್ತು. ಅಲ್ಲಿಂದ ತೆಗೆದ ಕಡ್ಡಿಗಳ ತುದಿಯಲ್ಲೊಂದು ಕೆಂಪಿರುವೆ ಮೀಸೆ ಅಲ್ಲಾಡಿಸಿ ದಾರಿ ನೋಡಿಕೊಳ್ಳುತ್ತಿತ್ತು. ಅದರ ಹಿಂದೆ ಇನ್ನೊಂದು.

ಕಡ್ಡಿ ತೆಗೆದರೆ ಮಾತಾಡಬೇಕಾಗುತ್ತದೆ.

"ಅಣ್ಣಾ, ಒಳಗ ಏನ್ ಮಾಡಾಕತ್ತಿ?"

ಬಾಗಿಲ ಕೆಳಗಿನ ಸಂದಿಯಲ್ಲಿ ಅವಳ ಎರಡು ಪಾದಗಳ ನೆರಳು ಅಲುಗದೆ ನಿಂತಿತ್ತು. ಅವನು ಕಡ್ಡಿಗಳನ್ನು ಇನ್ನಷ್ಟು ಬಿಗಿಯಾಗಿ ಕಚ್ಚಿದ. ಮೊದಲನೆಯ ಇರುವೆ ಹಲ್ಲು ದಾಟಿ, ಕತ್ತಲಿಗೆ ಇಳಿಯಿತು.