ಮಾವ ಆರಿಸಿದ ಲೆನ್ಸು

ಚಳಿ ಹಿಂದೆ ಸರಿಯುತ್ತಿದ್ದ ದಿನಗಳು. ಮಂಗಳವಾರ, ಬೆಳಿಗ್ಗೆ ಹತ್ತೂವರೆ ಗಂಟೆ ಇರಬೇಕು. ಕನ್ನಡಕದ ಅಂಗಡಿಯವನು ಬಾಗಿಲು ಅರ್ಧ ಎಳೆದು, ತಂಗಿಯ ಮಗಳ ಜೊತೆ ಬೀದಿಗಿಳಿದ. ಮೂವತ್ತೆಂಟು ವರ್ಷ ಗಾಜು ಉಜ್ಜಿದವನು, ಬೀದಿಯವರು ಅವನನ್ನು ಕರೆಯುತ್ತಿದ್ದದ್ದೇ ಗಾಜಣ್ಣ ಅಂತ. ಆವತ್ತು ಅವನ ನಡಿಗೆ ನೋಡಬೇಕಿತ್ತು, ಎರಡು ಮನೆಯವರ ಜಗಳಕ್ಕೆ ನ್ಯಾಯ ಹೇಳಲು ಹೊರಟ ಹಿರಿಯನ ಗತ್ತು.

ಹುಡುಗಿಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ವಾರವೆಲ್ಲ ಚಾದರ ಮಡಿಸಿ ಮಡಿಸಿ, ಮಂಗಳವಾರ ರಜೆ ಸಿಕ್ಕಿದ ಕೂಡಲೇ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಊರಾಚೆಯ ಕೆರೆಗೆ ಹೋಗುವವಳು. ಚಳಿಗಾಲಕ್ಕೆ ಎಲ್ಲಿಂದಲೋ ಬಂದ ಕಾಡುಬಾತುಗಳು ಬೇಸಿಗೆ ಕಾಲಿಡುವ ಮೊದಲು ತಮ್ಮ ನಾಡಿಗೆ ಹೊರಟುಬಿಡುತ್ತಿದ್ದವು. ಅಷ್ಟೂ ಹಕ್ಕಿಗಳು ಒಟ್ಟಿಗೆ ನೀರಿಂದ ಮೇಲೇಳುವ ಒಂದೇ ಒಂದು ಫೋಟೊ ಅವಳಿಗೆ ಬೇಕಿತ್ತು. ಇದ್ದ ಪುಟ್ಟ ಲೆನ್ಸಿನಲ್ಲಿ ಅವು ಸಾಸಿವೆ ಕಾಳಿನಷ್ಟು ಕಾಣುತ್ತಿದ್ದವು. ದೂರದ್ದನ್ನು ಹತ್ತಿರ ಎಳೆಯುವ ಜೂಮ್ ಲೆನ್ಸು, ಕೈಗೆಟಕುವಂಥದ್ದು, ಹಳೆಯದಾದರೂ ಸರಿ. ಲೆನ್ಸು ಅಂದರೆ ಗಾಜು ತಾನೇ ಮಾವ, ನೀನೇ ಬಂದು ಆರಿಸು ಅಂದಿದ್ದಳು. ಕ್ಯಾಮೆರಾದ ಲೆನ್ಸನ್ನು ಅವನು ಹುಟ್ಟಿದಾರಭ್ಯ ಕೈಯಲ್ಲಿ ಹಿಡಿದವನಲ್ಲ. ಅದನ್ನು ಮಾತ್ರ ಹೇಳಲಿಲ್ಲ.

ಹಳೇ ಕ್ಯಾಮೆರಾಗಳ ಅಂಗಡಿಯನ್ನು ನಡೆಸುತ್ತಿದ್ದವಳು ನಡುವಯಸ್ಸಿನ ಹೆಂಗಸು, ಕೂದಲಲ್ಲಿ ಪೆನ್ಸಿಲ್ ಸಿಕ್ಕಿಸಿಕೊಂಡು ರಿಪೇರಿಯನ್ನೂ ತಾನೇ ಮಾಡುತ್ತಿದ್ದಳು. ಹುಡುಗಿಯ ಕೈಗೆಟಕುವ ಬೆಲೆಗೆ ಎರಡೇ ಲೆನ್ಸು ಸಿಕ್ಕವು, ಬೆಲೆ ಎರಡಕ್ಕೂ ಒಂದೇ. ಒಂದು ಹಗುರ, ಪ್ಲಾಸ್ಟಿಕ್ ಮೈ, ಮುಂದಿನ ಗಾಜಿನ ಅಂಚಿನಲ್ಲಿ ಕೂದಲೆಳೆಯಷ್ಟು ಗೀರು, ಒಳಗೆ ನಾಲ್ಕು ಕಣ ದೂಳು. ಇನ್ನೊಂದು ಲೋಹದ್ದು, ತೂಕದ್ದು, ಗಾಜು ತಿಳಿಗೊಳದ ನೀರಿನ ಹಾಗೆ.

ಗಾಜಣ್ಣ ಎರಡನ್ನೂ ಟ್ಯೂಬ್‌ಲೈಟಿನ ಕೆಳಗೆ ಓರೆ ಹಿಡಿದ. ಬೆಳಕಿನ ಗೆರೆ ಗಾಜಿನ ಮೇಲೆ ಎಲ್ಲಾದರೂ ನಡುಗುತ್ತದಾ ಅಂತ ನೋಡಿದ, ಉಸಿರು ಊದಿ ಒರೆಸಿದ. ಕನ್ನಡಕದವರು ಗಾಜು ಪರೀಕ್ಷಿಸುವುದೇ ಹಾಗೆ. ಅಂಗಡಿಯವಳು ಹುಡುಗಿಯ ಕ್ಯಾಮೆರಾವನ್ನು ತಿರುಗಿಸಿ ನೋಡಿ, ಇದರೊಳಗೆ ಮೋಟಾರಿಲ್ಲ, ಈ ಲೋಹದ್ದಕ್ಕೂ ತನ್ನದೇ ಮೋಟಾರಿಲ್ಲ, ಆ ಹಗುರದ್ದಕ್ಕೆ ಇದೆ ಅಂತ ಶುರು ಮಾಡಿದಳು. ಅವಳ ಮಾತು ಮುಗಿಯುವ ಮುಂಚೆ ಇವನು ಕೈ ಎತ್ತಿದ.

"ಅಮ್ಮಾ, ನಾನು ಗಾಜು ತಗೊಳ್ಳೋಕೆ ಬಂದಿದೀನಿ, ಪಂಪ್‌ಸೆಟ್ ತಗೊಳ್ಳೋಕಲ್ಲ."

ಹುಡುಗಿ ಕಿಸಕ್ಕನೆ ನಕ್ಕಳು. ಅಂಗಡಿಯವಳು ಇನ್ನೊಂದು ಸಲ ಬಾಯಿ ತೆರೆದಳು, ಇವನ ಮುಖ ನೋಡಿ, ಕೂದಲಿನ ಪೆನ್ಸಿಲ್ ತೆಗೆದು ರಶೀದಿ ಬರೆದಳು. ಲೋಹದ ಲೆನ್ಸು ಮನೆಗೆ ಬಂತು.

ಮುಂದಿನ ಮಂಗಳವಾರ ಸಂಜೆ ಹುಡುಗಿ ಕನ್ನಡಕದ ಅಂಗಡಿಗೆ ಬಂದವಳೇ ಸ್ಟೂಲಿನ ಮೇಲೆ ಕುಸಿದಳು. ನೂರಾರು ಫೋಟೊ, ಒಂದರಲ್ಲೂ ಹಕ್ಕಿಯ ಅಂಚು ನೆಟ್ಟಗೆ ಕಾಣಿಸುತ್ತಿರಲಿಲ್ಲ, ಎಲ್ಲ ಹಿಂಜಿದ ಹತ್ತಿ. ದೊಡ್ಡ ಲೆನ್ಸುಗಳನ್ನು ಕೈಯಿಂದಲೇ ತಿರುಗಿಸಿ ಸರಿಮಾಡಬೇಕು ಅಂತ ಕಾಣುತ್ತೆ, ತನಗೆ ಯಾವುದು ಸರಿ ಯಾವುದು ಮಸುಕು ಅಂತಲೇ ತಿಳಿಯುತ್ತಿಲ್ಲ ಅಂದಳು. ಆಮೇಲೆ ದನಿ ತಗ್ಗಿಸಿದಳು.

"ಮಾವ, ನನ್ನ ಕಣ್ಣೇ ಹೋಗ್ತಿದೆ ಅನ್ಸುತ್ತೆ."

ಗಾಜಣ್ಣ ಕ್ಯಾಮೆರಾ ತೆಗೆದುಕೊಂಡು ಗುಂಡಿ ಒತ್ತಿದ. ಲೆನ್ಸಿನೊಳಗೆ ಏನೂ ಅಲುಗಲಿಲ್ಲ. ಇನ್ನೊಮ್ಮೆ ಒತ್ತಿದ. ಆಗ ಅಂಗಡಿಯವಳು ಹೇಳಹೊರಟದ್ದು ಲೆನ್ಸನ್ನು ತಾನಾಗಿ ತಿರುಗಿಸಿ ಚಿತ್ರ ಸ್ಪಷ್ಟ ಮಾಡುವ ಮೋಟಾರು ಅಂತ ಅವನಿಗೆ ತಿಳಿಯಿತು. ಈ ಹುಡುಗಿಗೆ ಏಳು ವರ್ಷ ಆದಾಗಿನಿಂದ ಕನ್ನಡಕ ಮಾಡಿಕೊಟ್ಟವನು ಅವನು. ಕನ್ನಡಕ ಹಾಕಿದರೂ ಸಣ್ಣ ಅಂಚು ಅವಳಿಗೆ ಮಸುಕೇ, ಕೈಯಿಂದ ತಿರುಗಿಸುವ ಲೆನ್ಸು ಅವಳ ಕಣ್ಣಿಗೆ ಆಗಿಬರುವುದಿಲ್ಲ ಅಂತ ಈ ಭೂಮಿಯ ಮೇಲೆ ಯಾರಿಗಾದರೂ ಗೊತ್ತಿರಬೇಕಿದ್ದರೆ ಅದು ಅವನಿಗೆ.

ಹೇಳಬೇಕಿದ್ದದ್ದು ಒಂದೇ ಮಾತು, ತಪ್ಪು ನಿನ್ನ ಕಣ್ಣಿನದಲ್ಲ, ನನ್ನದು ಅಂತ. ಅದರ ಬದಲು ಅವಳನ್ನು ಪರೀಕ್ಷೆಯ ಕುರ್ಚಿಗೆ ಕೂರಿಸಿದ, ಗೋಡೆಯ ಮೇಲಿನ ಅಕ್ಷರ ಓದಿಸಿದ, ಕಣ್ಣಿಗೆ ಒಂದೊಂದೇ ಗಾಜಿನ ಬಿಲ್ಲೆ ಹಾಕಿ ತೆಗೆದ. ನಂಬರು ಹಿಂದಿನದ್ದೇ, ಒಂದು ಚೂರೂ ಬದಲಾಗಿರಲಿಲ್ಲ. ಹುಡುಗಿ ಅವನ ಮುಖವನ್ನೇ ನೋಡುತ್ತಿದ್ದಳು.

"ಸ್ವಲ್ಪ ಏರಿದೆ," ಅಂದ ಗಾಜಣ್ಣ.

ಆ ಮಾತು ಬಾಯಿಂದ ಬಿದ್ದದ್ದು ಅವನ ಕಿವಿಗೇ ಬೇರೆ ಯಾರೋ ಆಡಿದ ಹಾಗೆ ಕೇಳಿಸಿತು. ಆಡಿದ ಮೇಲೆ ಅದರ ಹಿಂದೆಯೇ ಹೋಗಬೇಕಾಯಿತು. ಅರ್ಧ ನಂಬರು ಹೆಚ್ಚಿಗೆ ಹಾಕಿ ಹೊಸ ಕನ್ನಡಕ ಮಾಡಿ ಗುರುವಾರ ಕೊಟ್ಟ. ಬೇಡದ ಗಾಜನ್ನು ಅಷ್ಟು ಅಚ್ಚುಕಟ್ಟಾಗಿ ಅವನು ಯಾವತ್ತೂ ಉಜ್ಜಿರಲಿಲ್ಲ.

ಕನ್ನಡಕ ಹಾಕಿದ ದಿನದಿಂದ ಹುಡುಗಿಗೆ ತಲೆನೋವು. ಮೂರನೇ ಮಂಗಳವಾರದ ಫೋಟೊಗಳು ಇನ್ನೂ ಕೆಟ್ಟವು. ಕ್ಯಾಮೆರಾ ಮಾರಿಬಿಡುತ್ತೇನೆ ಅಂದಳಂತೆ. ಶನಿವಾರ ಅವಳಮ್ಮ, ಅಂದರೆ ಗಾಜಣ್ಣನ ತಂಗಿ, ಅಂಗಡಿಗೆ ಬಂದಳು. ಕೂರಲಿಲ್ಲ. ಅವಳ ಗಂಡನಿಗೆ ಕಣ್ಣು ಹೀಗೇ ಒಂದೊಂದು ನಂಬರು ಏರುತ್ತಾ ಹೋಗಿ, ಸಾಯುವ ಹೊತ್ತಿಗೆ ಗೋಡೆ ತಡವಿಕೊಂಡು ಓಡಾಡುತ್ತಿದ್ದ.

"ಅಣ್ಣಾ, ಇವಳಿಗೂ ಅಪ್ಪನ ಹಾಗೇ ಆಗುತ್ತಾ? ನನ್ನ ಹತ್ರ ಮುಚ್ಚಿಡಬೇಡ."

ಇಲ್ಲ ಅಂದ. ಹೇಗೆ ಹೇಳ್ತೀಯ ಅಂದಳು. ಗೊತ್ತು, ಸುಮ್ಮನಿರು ಅಂದ. ಮಿಕ್ಕದ್ದನ್ನು ಹೇಳದೆ ಒರೆಸಿದ ಗಾಜನ್ನೇ ಮತ್ತೆ ಒರೆಸಿದ. ತಂಗಿ ಹೋಗುವಾಗ ಅವನ ತೋಳು ಮುಟ್ಟಿ, ನೀನಿದೀಯಲ್ಲ ಅನ್ನೋದೊಂದೇ ಧೈರ್ಯ ಅಂದು ಹೋದಳು. ಅವಳು ಬೈದಿದ್ದರೆ ಅಷ್ಟು ಉರಿಯುತ್ತಿರಲಿಲ್ಲ.

ಭಾನುವಾರ ಅಂಗಡಿ ಮುಚ್ಚಿಕೊಂಡು ಮನೆಯಲ್ಲೇ ಕೂತ. ಹೆಂಡತಿ ಮೈ ಸರಿಯಿಲ್ಲವಾ ಅಂತ ಎರಡು ಸಲ ಕೇಳಿದಳು. ಎರಡು ಸಲವೂ ಚೆನ್ನಾಗಿದೀನಿ ಅಂದ.

ಸೋಮವಾರ ಬೆಳಿಗ್ಗೆ ಹಳೇ ಕ್ಯಾಮೆರಾಗಳ ಅಂಗಡಿಗೆ ಹೋಗಿ ನಿಂತ. ಪಂಪ್‌ಸೆಟ್ಟಿನ ಮಾತನ್ನು ಅಂಗಡಿಯವಳು ಎತ್ತಿ ಆಡುತ್ತಾಳೆ, ಆಡಲಿ ಅಂತ ಗಟ್ಟಿ ಮನಸ್ಸು ಮಾಡಿಕೊಂಡೇ ಹೋಗಿದ್ದ. ಅವಳು ಕುರ್ಚಿ ಎಳೆದು ಕೊಟ್ಟಳು, ನೀರು ಕೊಟ್ಟಳು. ಹಗುರದ ಲೆನ್ಸು ಮಾರಿಹೋಗಿಲ್ಲ, ಅದಲುಬದಲು ಮಾಡಿಕೊಡುತ್ತೇನೆ ಅಂದಳು. ನಡೆದದ್ದನ್ನೆಲ್ಲ ಅವನು ಒಪ್ಪಿಸಿದ ಮೇಲೆ ಒಂದೇ ಪ್ರಶ್ನೆ ಕೇಳಿದಳು.

"ಹುಡುಗಿಗೆ ಹೇಳಿದ್ರಾ ಯಜಮಾನ್ರೇ?"

ಅಲ್ಲಿಂದ ನೇರ ಆಸ್ಪತ್ರೆಯ ಹಿಂಬಾಗಿಲಿಗೆ ನಡೆದ. ಮಧ್ಯಾಹ್ನದ ಬಿಡುವು. ಹಬೆಯಲ್ಲಿ ನೆನೆದ ಮುಖ ಹೊತ್ತು ಹುಡುಗಿ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಗಾಜಣ್ಣ ನಿಂತುಕೊಂಡೇ ಹೇಳಿದ. ಮೋಟಾರಿನ ವಿಷಯ, ತನಗೆ ಈ ಲೆನ್ಸುಗಳ ಗಂಧಗಾಳಿಯೂ ಇಲ್ಲದ ವಿಷಯ. ಅಷ್ಟರಲ್ಲೇ ಅವಳು, ಅಯ್ಯೋ ಬಿಡು ಮಾವ, ಬದಲಾಯಿಸಿಕೊಂಡರಾಯಿತು ಅಂತ ನಕ್ಕಳು. ಅಲ್ಲಿಗೇ ನಿಲ್ಲಿಸಿಬಿಡಬಹುದಿತ್ತು. ನಿಲ್ಲಿಸಲಿಲ್ಲ.

"ನಿನ್ನ ನಂಬರು ಏರಿಲ್ಲಮ್ಮ. ಏರಿಲ್ಲ ಅಂತ ನನಗೆ ಆವತ್ತೇ ಗೊತ್ತಿತ್ತು."

ಹುಡುಗಿ ಕನ್ನಡಕ ತೆಗೆದಳು. ಅದನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. ಒಳಗೆ ಒಣಗಿಸುವ ಯಂತ್ರ ಗುಡುಗುಡು ತಿರುಗುತ್ತಿತ್ತು.

"ಎರಡು ವಾರದಿಂದ ಮನೇಲಿ ಕಣ್ಣು ಮುಚ್ಕೊಂಡು ಓಡಾಡಿ ನೋಡ್ತಿದೀನಿ ಮಾವ," ಅಂದಳು. "ಒಲೆ ಎಲ್ಲಿದೆ, ಬಾಗಿಲು ಎಲ್ಲಿದೆ ಅಂತ. ಅಮ್ಮ ಮಲಗಿದ ಮೇಲೆ."

ಮಾವನಿಗೆ ಕ್ಷಮಿಸು ಅನ್ನುವ ಮಾತು ಆ ಹೊತ್ತಿಗೆ ತೀರ ಚಿಕ್ಕದಾಗಿ ಕಂಡಿತು, ಆದರೂ ಅಂದ. ಅವಳು ಕನ್ನಡಕವನ್ನು ಅವನ ಅಂಗೈಯಲ್ಲಿಟ್ಟು, ಅಮ್ಮನಿಗೆ ನೀನೇ ಹೋಗಿ ಹೇಳು ಅಂದು ಕೆಲಸಕ್ಕೆ ಒಳಗೆ ಹೋದಳು. ಅವನು ಅಲ್ಲಿಂದಲೇ ತಂಗಿಯ ಮನೆಗೆ ಹೋಗಿ ಹೇಳಿದ. ತಂಗಿ ಅತ್ತಳು. ಅತ್ತದ್ದು ಸಮಾಧಾನಕ್ಕೋ ಸಿಟ್ಟಿಗೋ ಅವನಿಗೆ ಇವತ್ತಿಗೂ ಗೊತ್ತಿಲ್ಲ, ಕೇಳುವ ಮುಖ ಅವನಿಗಿರಲಿಲ್ಲ.

ಮಾರನೆಯ ದಿನ ಮಂಗಳವಾರ. ಹುಡುಗಿ ತನ್ನ ಹಳೇ ಕನ್ನಡಕ ಹಾಕಿಕೊಂಡು, ಹಿಂದಿನ ಸಂಜೆಯೇ ಬದಲಾಯಿಸಿಕೊಂಡ ಹಗುರದ ಲೆನ್ಸು ಹಿಡಿದು ಕೆರೆಗೆ ಹೋದಳು. ಬಾ ಅಂತ ಅವಳು ಕರೆಯಲಿಲ್ಲ, ಬರಬೇಡ ಅಂತಲೂ ಅನ್ನಲಿಲ್ಲ. ಮಾವ ಹತ್ತು ಹೆಜ್ಜೆ ಹಿಂದೆ ನಡೆದ. ಲೆನ್ಸು ಸುಂಯ್ ಅಂತ ತಾನಾಗಿ ತಿರುಗಿ ಆಚೆ ದಡದ ಜೊಂಡಿನ ಒಂದೊಂದು ಎಲೆಯನ್ನೂ ಬಿಡಿಸಿ ತೋರಿಸಿತು. ನೀರು ಖಾಲಿ ಇತ್ತು. ಕೆರೆಯ ಕಾವಲಿನವನು ಅವನ್ನೇ ಹುಡುಕ್ತಿದೀರಾ ಅಂತ ಕೇಳಿ, ತಾನೇ ಉತ್ತರವನ್ನೂ ಕೊಟ್ಟ. ಬಾತುಗಳು ಒಂದೂ ಉಳಿಯದ ಹಾಗೆ ಎದ್ದು ಹೋಗಿದ್ದವು, ಭಾನುವಾರ.