ಈರುಳ್ಳಿ ತುಂಬಿದ ಮತಪೆಟ್ಟಿಗೆ

ಊರಿನ ಚುನಾವಣೆಯನ್ನು ಕಂಪನಿಗೆ ಗುತ್ತಿಗೆ ಕೊಟ್ಟ ವರ್ಷವೇ ನನ್ನ ಅಕ್ಕ ವಾರ್ಡಿಗೆ ನಿಂತಳು. ನಾನು ಚುನಾವಣಾ ಕಚೇರಿಯ ಗುಮಾಸ್ತನಾಗಿ ಕೂದಲು ನರೆಸಿಕೊಂಡವನು. ನಮ್ಮ ಕಾಲದಲ್ಲಿ ಸಾಲು ಹನುಮಂತನ ಬಾಲ, ಫ್ಯಾನು ತಿರುಗುತ್ತಿರಲಿಲ್ಲ, ನಿಜ. ಆದರೆ ಮೊದಲ ಮತ ಬೀಳುವ ಮುನ್ನ ತಗಡಿನ ಪೆಟ್ಟಿಗೆಯನ್ನು ಬೋರಲು ಹಾಕಿ, ಎಲ್ಲ ಪಕ್ಷದವರಿಗೂ ಖಾಲಿ ಎಂದು ತೋರಿಸಿಯೇ ಬೀಗ ಹಾಕುತ್ತಿದ್ದೆವು. ಕಂಪನಿ ತನ್ನ ಮತಯಂತ್ರ ತಂದ ಮೇಲೆ ಪೆಟ್ಟಿಗೆಗಳು ಗುಜರಿಗೆ ಹೋದವು. ಒಂದನ್ನು ಅಕ್ಕನಿಗೆ ತಂದುಕೊಟ್ಟೆ. ಸೀಳಿನಲ್ಲಿ ಗಾಳಿಯಾಡುತ್ತದೆಂದು ಅವಳು ಅದಕ್ಕೆ ಈರುಳ್ಳಿ ತುಂಬಿದಳು.

ಕಂಪನಿಯ ಮತಗಟ್ಟೆಯಲ್ಲಿ ಮೆತ್ತನೆ ಕುರ್ಚಿ, ತಣ್ಣನೆ ನೀರು, ಮತ ಹಾಕಿದವರಿಗೆ ಧನ್ಯವಾದ ಹೇಳಲು ನಗುಮೊಗದ ಹುಡುಗಿ. ಫಲಿತಾಂಶವೂ ಸಂಜೆಯೊಳಗೇ ಬಂತು. ನಮ್ಮ ಬೀದಿಯ ಮತಗಟ್ಟೆಯಲ್ಲಿ ಅಕ್ಕನಿಗೆ ಸೊನ್ನೆ.

ಅಕ್ಕ ನನ್ನನ್ನು ಎಳೆದುಕೊಂಡು ಕಂಪನಿಯ ಮ್ಯಾನೇಜರ್ ಹತ್ತಿರ ಹೋದಳು.

"ಸೋತೆ ಅಂತ ಬಂದಿಲ್ಲಪ್ಪ. ಇವನು ಹಾಕ್ದೆ ಇರಬಹುದು, ತಮ್ಮ ಅಲ್ವಾ. ಆದ್ರೆ ನನ್ನ ವೋಟು ನಾನೇ ಹಾಕಿದೀನಿ. ಅದೆಲ್ಲಿ ಹೋಯ್ತು? ಯಂತ್ರ ತೆಗೆದು ತೋರಿಸು."

"ಒಳಗಿರೋದು ಕಂಪನಿ ಗುಟ್ಟು, ಅಮ್ಮ. ತೆಗೆಯೋ ಹಾಗಿಲ್ಲ. ನಂಬಿಕೆ ಇರಬೇಕು," ಎಂದು ಅವನು ಬಿಸ್ಕತ್ತಿನ ತಟ್ಟೆ ಮುಂದೆ ತಳ್ಳಿದ.

ವಾಪಸು ಬರುವ ದಾರಿಯಲ್ಲಿ ನನಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. ಅವಳಿಗೆ ಹಾಕಿದ ನನ್ನ ಮತವೂ ಆ ಸೊನ್ನೆಯೊಳಗೇ ಇತ್ತಲ್ಲ.

ಕೆಲವು ತಿಂಗಳ ನಂತರ ಅದೇ ಮ್ಯಾನೇಜರ್ ಅಕ್ಕನ ಮನೆ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ. ಕಂಪನಿಯ ನೌಕರರ ಸಂಘಕ್ಕೆ ಚುನಾವಣೆಯಂತೆ, ಅಧ್ಯಕ್ಷಗಿರಿಗೆ ಇವನೂ ನಿಂತಿದ್ದಾನಂತೆ.

"ನಿಮ್ಮ ಹತ್ರ ಹಳೇ ಪೆಟ್ಟಿಗೆ ಇದೆಯಂತಲ್ಲ. ಒಂದು ದಿನದ ಮಟ್ಟಿಗೆ ಕೊಡ್ತೀರಾ?"

"ಯಾಕೆ ಸ್ವಾಮಿ, ನಿಮ್ಮ ಯಂತ್ರಕ್ಕೇನಾಯ್ತು?" ನಾನು ಬಿಡಲಿಲ್ಲ.

ಅವನು ದನಿ ತಗ್ಗಿಸಿದ. "ಅದನ್ನ ಮಾಡಿದವನೇ ನನ್ನೆದುರು ನಿಂತಿದಾನೆ, ಸಾರ್."

ಮಾಡಿದ್ದುಣ್ಣೋ ಮಹರಾಯ ಎಂದು ನಾನು ಬಾಗಿಲು ಹಾಕುವವನಿದ್ದೆ. ಅಷ್ಟರಲ್ಲಿ ಅಕ್ಕ ಒಳಗಿಂದ ಪೆಟ್ಟಿಗೆ ಹೊತ್ತು ತಂದು, ಅವನ ಕಾಲ ಬುಡದಲ್ಲೇ ಬೋರಲು ಹಾಕಿದಳು. ಈರುಳ್ಳಿ ಮೇಜಿನಡಿ, ಹೊಸಿಲಾಚೆ ಎಲ್ಲೆಂದರಲ್ಲಿ ಉರುಳಿದವು. ಖಾಲಿ ಪೆಟ್ಟಿಗೆಯ ಬಾಯನ್ನು ಅವನ ಮುಖದೆದುರು ಹಿಡಿದಳು.

"ಸರಿಯಾಗಿ ನೋಡ್ಕೊಳ್ಳಪ್ಪ. ಒಳಗೇನೂ ಇಲ್ಲ ತಾನೆ? ನಾನು ಅವತ್ತು ಕೇಳಿದ್ದು ಇಷ್ಟೇ."

ಮ್ಯಾನೇಜರ್ ಬಗ್ಗಿ ಈರುಳ್ಳಿ ಆರಿಸತೊಡಗಿದ.