ವರ್ಲಾ ಹೇಳಬೇಕಿದ್ದ ಮಾತು

ಆ ಕಿರುಚು ಕೇಳದವರು ಯಾರಾದರೂ ಇದ್ದರೆ ಕೈ ಎತ್ತಿ ನೋಡೋಣ. ಕಣ್ಣಿಗೆ ಈಜುಗನ್ನಡಕ, ಕಾಲಿಗೆ ರಬ್ಬರ್ ರೆಕ್ಕೆ, ಕೈಯಲ್ಲಿ ಮೀನು ಚುಚ್ಚುವ ಈಟಿ ಹಿಡಿದು ಕೊಲೆಗಾರ ಬಾತುಕೋಳಿಯಂತೆ ತಪತಪ ಓಡಿಬರುತ್ತಾನಲ್ಲ, ಅದೇ ಸಿನಿಮಾ. ಕೊನೆಯಲ್ಲಿ ಮುದುಕಿಯೊಬ್ಬಳು ಬಾಯಿ ತೆರೆಯುತ್ತಾಳಲ್ಲ, ಅದೇ ಕಿರುಚು! ಥಿಯೇಟರಿನಲ್ಲಿ ಜನ ಎದ್ದು ನಿಂತು ಅವಳ ಜೊತೆ ತಾವೂ ಕಿರುಚುತ್ತಾರೆ, ಪಾಪ್‌ಕಾರ್ನ್ ತೂರುತ್ತಾರೆ. ಅದನ್ನು ಆ ಗಂಟಲಿನಿಂದ ಹೊರಗೆಳೆದವನು ನಮ್ಮ ಲಾನಿ ಬಾಕಾ. ಒಂದೇ ನೆಗೆತ, ಒಂದೇ ಟೇಕ್. ಗಡ್ಡ ಬಿಟ್ಟ ನಿರ್ದೇಶಕರು ಜನ್ಮವಿಡೀ ತಿಣುಕಿದರೂ ಸಿಗದ್ದನ್ನು ಇಪ್ಪತ್ತೆರಡರ ಹುಡುಗ ಕಡಲಪಾಚಿಯ ಗುಡ್ಡೆಯೊಳಗೆ ಕೂತು ಸಂಪಾದಿಸಿದ. ಆಕ್ಸ್‌ನಾರ್ಡಿನಿಂದ ವೆಂಚುರಾವರೆಗೆ ಈ ಕಡಲಂಚಿನ ಊರುಗಳಲ್ಲಿ ಯಾರನ್ನು ಬೇಕಾದರೂ ಕೇಳಿ.

ಅದು ಹಳೇ ಕಾಲದ ಬೀಚ್ ಸಿನಿಮಾಗಳನ್ನೂ ಚಾಕು ಹಿಡಿದು ಅಟ್ಟಾಡಿಸುವ ಸಿನಿಮಾಗಳನ್ನೂ ಒಟ್ಟಿಗೆ ಅಣಕಿಸುವ ಚಿತ್ರ. ಹುಡುಗ ಹುಡುಗಿಯರು ಹಾಡುತ್ತಾರೆ, ಕುಣಿಯುತ್ತಾರೆ, ಒಬ್ಬೊಬ್ಬರಾಗಿ ಸಾಯುತ್ತಾರೆ. ತೆರೆಯ ಮೇಲೆ ಸುಡುವ ಬೇಸಿಗೆ, ಚಿತ್ರೀಕರಣ ಮಾತ್ರ ಫೆಬ್ರವರಿಯಲ್ಲಿ. ಮೋಡ ಕವಿದ ದಂಡೆ, ಮೂಳೆ ಕೊರೆಯುವ ಗಾಳಿ. ಕಂದು ಬಣ್ಣ ಬಳಿದುಕೊಂಡು ಬಿಕಿನಿಯಲ್ಲಿ ನಡುಗುತ್ತಿದ್ದ ಹುಡುಗಿಯರ ಬಾಯಿಂದ ಹೊಗೆ ಬರುತ್ತಿತ್ತು. ಸಕ್ಕರೆ ಪಾಕದ ರಕ್ತಕ್ಕೆ ಕಡಲಹಕ್ಕಿಗಳು ಮುತ್ತಿ, ಸತ್ತು ಬಿದ್ದವರನ್ನು ಕುಕ್ಕುತ್ತಿದ್ದವು.

ಬಾಯಿಯ ಹೊಗೆಗೆ ಮದ್ದು ಹೇಳಿಕೊಟ್ಟವಳು ವರ್ಲಾ ಹಡ್ಸ್‌ಪೆತ್. ವಯಸ್ಸು ಎಪ್ಪತ್ತೊಂದು. ಒಂದು ಲೋಟ ಐಸ್ ತಂದು ಎಲ್ಲರ ಬಾಯಿಗೂ ಒಂದೊಂದು ತುಂಡು ಇಟ್ಟಳು.

"ಬಾಯಿ ತಣ್ಣಗಿದ್ರೆ ಹೊಗೆ ಬರಲ್ಲ ಕಣ್ರೇ. ನಮ್ಮನ್ನೂ ಜನವರಿಯಲ್ಲೇ ಕುಣಿಸ್ತಿದ್ರು."

"ನೀವೂ ಬಿಕಿನೀನಾ, ಮಿಸ್ ವರ್ಲಾ?" ಎಂದ ಲಾನಿ.

"ಹನ್ನೊಂದು ಸಿನಿಮಾ, ಮರಿ. ಹಿಂದಿನ ಸಾಲು, ಎಡಗಡೆಯಿಂದ ನಾಲ್ಕನೆಯವಳು. ಹೀರೋ ಹಾಡಿದ್ರೆ ಚಪ್ಪಾಳೆ, ಬಿದ್ರೆ ನಗು. ಒಂದು ಮಾತಿಲ್ಲ. ಹಿಂದಿನ ಸಾಲಿನವಳು ಒಂದು ಮಾತಾಡಿದ್ರೂ ಸಂಬಳ ಜಾಸ್ತಿ ಕೊಡ್ಬೇಕಲ್ಲ. ಅದಕ್ಕೇ ನಮ್ಮ ಬಾಯಿಗೆ ಐಸ್ ತುರುಕ್ತಿದ್ರು ಅನ್ನಿಸುತ್ತೆ."

ಈ ಚಿತ್ರದಲ್ಲಿ ಅವಳು ದಂಡೆಯ ತಿಂಡಿ ಅಂಗಡಿಯವಳು, ಕೊನೆಗೆ ಸಾಯುವವಳು. ಸಾಯುವ ಮುಂಚೆ ಒಂದು ಮಾತು ಹೇಳಬೇಕು: "ಕತ್ತಲಾಯ್ತು ಮಕ್ಕಳೇ, ಇನ್ನು ಹಾಡು ಸಾಕು." ಐವತ್ತು ವರ್ಷದ ಮೇಲೆ ಸಿಕ್ಕಿದ ಮೊದಲ ಮಾತು. ಅದನ್ನು ಒಂದು ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದು ಅಂಗಿಯ ಜೇಬಿನಲ್ಲಿಟ್ಟುಕೊಂಡಿದ್ದಳು. ಆ ಈಟಿಯ ಕೊಲೆಗಾರನ ವೇಷ ಲಾನಿಯದೇ. ದಿನಾ ವ್ಯಾನಿನಲ್ಲಿ ಬರುವಾಗ ಅವನ ಎದುರು ಅಭ್ಯಾಸ.

"'ಮಕ್ಕಳೇ' ಅನ್ನೋದನ್ನ ಎಳೀಲಾ? ಬೇಡ್ವಾ?"

"ಎಳೀಬೇಡಿ ಮಿಸ್ ವರ್ಲಾ. ನೀವು ಮೆಲ್ಲಗೆ ಹೇಳಿ. ಈಟಿ ಜೋರಾಗಿ ಮಾತಾಡುತ್ತೆ!"

"ಥೂ, ಬಾಯಿ ಬಿಟ್ರೆ ಪೋಸ್ಟರ್ ಡೈಲಾಗು. ನಿಮ್ಮಮ್ಮ ಹಾಲಿನ ಬದಲು ಟ್ರೈಲರ್ ಕುಡಿಸಿದ್ಲಾ ನಿಂಗೆ?"

ಕಿತಾಪತಿಯಲ್ಲೂ ಲಾನಿ ಎತ್ತಿದ ಕೈ. ಊಟದ ಡಬ್ಬಿಯಲ್ಲಿ ಏಡಿ ಬಿಡುವುದು, ಕಕ್ಕಸಿನಲ್ಲಿ ರಬ್ಬರ್ ಕೈ ನೇತುಹಾಕುವುದು. ಎಲ್ಲರೂ ಬೈದು, ಆಮೇಲೆ ನಗುತ್ತಿದ್ದರು. ಆ ನಗು ಅವನಿಗೆ ಊಟಕ್ಕಿಂತ ಹೆಚ್ಚು.

ಕೊನೆಯ ದಿನ. ದಂಡೆಗೆ ಸಿಕ್ಕಿದ್ದ ಅನುಮತಿ ಐದೂವರೆವರೆಗೆ. ಹಗಲಲ್ಲೇ ಚಿತ್ರಿಸಿ ಆಮೇಲೆ ನೀಲಿ ಬಣ್ಣ ಬೆರೆಸಿ ರಾತ್ರಿ ಮಾಡುವ ಹಳೇ ಉಪಾಯ, ಅದೂ ಅಣಕವೇ. ಮಧ್ಯಾಹ್ನ ನಾಲ್ಕಕ್ಕೆ ವರ್ಲಾ "ಕತ್ತಲಾಯ್ತು" ಎನ್ನಬೇಕು. ನಿರ್ದೇಶಕಿ ಇನೇಜ್ ಬೆಳಗಿನಿಂದಲೂ ಗೊಣಗುತ್ತಿದ್ದಳು: "ಕ್ಲೈಮ್ಯಾಕ್ಸಲ್ಲಿ ಖಾರಾನೇ ಇಲ್ಲ." ಲಾನಿಯ ಕಿವಿ ನೆಟ್ಟಗಾಯಿತು. ವರ್ಲಾ ಮಾತು ಮುಗಿಸಿದ ಮೇಲೆ ಮೂರು ಎಣಿಸಿ ಅವನು ಪಾಚಿಯ ಗುಡ್ಡೆಯಿಂದ ಹಾರಬೇಕಿತ್ತು.

ಕ್ಯಾಮೆರಾ ಓಡಿತು. ವರ್ಲಾ ಬಾಯಿಯ ಐಸ್ ಉಗುಳಿ, ಎರಡು ಹೆಜ್ಜೆ ಮುಂದೆ ಬಂದು, ಉಸಿರು ಎಳೆದುಕೊಂಡಳು. ಮಾತಿಗೆ ಮುಂಚೆಯೇ ಲಾನಿ ಹಾರಿದ.

ಆಗ ಬಂದಿತು ನೋಡಿ, ಆ ಕಿರುಚು! ಹಕ್ಕಿಗಳು ಒಮ್ಮೆಗೇ ಮೇಲೆದ್ದವು. ಇನೇಜ್ ಕುರ್ಚಿಯಿಂದ ಬಿದ್ದಳು. ವರ್ಲಾ ಮರಳಿನ ಮೇಲೆ ಹೊರಳಿ ನಕ್ಕು, "ಕೊಂದೇಬಿಟ್ಯಲ್ಲೋ ಮುಂಡೇದೇ" ಎಂದು ಅವನನ್ನು ಅಪ್ಪಿಕೊಂಡಳು. ಪಾರ್ಟಿಗಳಲ್ಲಿ ಲಾನಿ ಹೇಳುವುದು ಇಷ್ಟು. ನಾನೂ ಇಲ್ಲಿಗೇ ನಿಲ್ಲಿಸಿದ್ದರೆ ನಿಮಗೂ ಖುಷಿ, ನನಗೂ ಮರ್ಯಾದೆ.

ಆದರೆ ಇದು ಬುರುಡೆ. ವರ್ಲಾ ಕಿರುಚಲೇ ಇಲ್ಲ.

ಲಾನಿ ಹಾರಿದಾಗ ಅವಳ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ಸದ್ದೇ ಬರಲಿಲ್ಲ. ಕೈ ಮಾತ್ರ ಜೇಬಿನ ಚೀಟಿ ತಡಕಿತು. ತಂಡದವರು ಹೋ ಎಂದು ನಕ್ಕರು, ಆಮೇಲೆ ಒಬ್ಬೊಬ್ಬರಾಗಿ ನಿಲ್ಲಿಸಿದರು.

"ಪರವಾಗಿಲ್ಲ ಮಿಸ್ ವರ್ಲಾ, ಇನ್ನೊಂದು ಸಲ ಮಾಡೋಣ. ಲೇ ಲಾನಿ, ಬಾಲ ಬಿಚ್ಚಬೇಡ," ಎಂದಳು ಇನೇಜ್.

ಎರಡನೇ ಸಲ ವರ್ಲಾ "ಕತ್ತಲಾ" ಎನ್ನುವಷ್ಟರಲ್ಲಿ ಕಣ್ಣು ಪಾಚಿಯ ಗುಡ್ಡೆಗೆ ಹೊರಳಿತು, ಭುಜ ಮುದುಡಿತು. ಮೂರನೇ ಸಲವೂ ಅಷ್ಟೇ. ನಾಲ್ಕನೇ ಸಲಕ್ಕೆ ಲಾನಿ ಗುಡ್ಡೆಯಿಂದ ಎದ್ದು, ಕಾಲಿನ ರೆಕ್ಕೆ ಬಿಚ್ಚಿ, ದೂರ ಹೋಗಿ ಕೈ ಬೀಸಿದ: "ಇಲ್ಲಿದ್ದೀನಿ ಮಿಸ್ ವರ್ಲಾ! ಅಲ್ಲಿ ಯಾರೂ ಇಲ್ಲ!" ಆದರೂ ಅವಳ ಕಣ್ಣು ಗುಡ್ಡೆಯ ಮೇಲೇ. ಐವತ್ತು ವರ್ಷ ಕಾದ ಮಾತು ನಾಲಿಗೆಯ ತುದಿಗೆ ಬಂದು ಬಂದು ಹಿಂದೆ ಸರಿಯುತ್ತಿತ್ತು. ಅಷ್ಟರಲ್ಲಿ ನಿಜವಾಗಿಯೂ ಕತ್ತಲಾಗತೊಡಗಿತು.

"ಸಾಕು," ಎಂದಳು ಇನೇಜ್. "ಮೊದಲ್ನೇದನ್ನೇ ಇಟ್ಕೊಳ್ಳೋಣ. ಬಾಯಿ ತೆರೆದಿದೆಯಲ್ಲ, ಮಾತು ಬಿಟ್ಟು ಕಿರುಚು ಆಮೇಲೆ ಸೇರಿಸಿದ್ರಾಯ್ತು."

ಆಮೇಲೆ ಧ್ವನಿ ಹಿಡಿಯುವ ಓಡೆಲ್ ಕೈ ಎತ್ತಿದ. ಜಾಗ ಬಿಡುವ ಮುಂಚೆ ಒಂದು ನಿಮಿಷ ಎಲ್ಲರೂ ನಿಂತಲ್ಲೇ ನಿಲ್ಲಬೇಕು, ಕೆಮ್ಮಬಾರದು, ಕಾಲು ಕದಲಿಸಬಾರದು. ಅಲ್ಲಿಯ ಬರೀ ಮೌನವನ್ನು ಅವನು ಹಿಡಿದುಕೊಳ್ಳುತ್ತಾನೆ, ಮಾತಿನ ನಡುವಿನ ಸಂದುಗಳಿಗೆ ತುಂಬಲು. ಲಾನಿ ವರ್ಲಾಳಿಂದ ಮೂರು ಹೆಜ್ಜೆ ದೂರದಲ್ಲಿದ್ದ. ತಪ್ಪಾಯ್ತು ಎನ್ನಲು ಬಾಯಿ ತೆರೆದಾಗಲೇ ಓಡೆಲ್ ತುಟಿಯ ಮೇಲೆ ಬೆರಳಿಟ್ಟಿದ್ದ. ಅರವತ್ತು ಸೆಕೆಂಡು, ಅಲೆ, ಗಾಳಿ. ವರ್ಲಾ ಚೀಟಿಯನ್ನು ಮಡಿಸಿದಳು, ಇನ್ನೊಮ್ಮೆ ಮಡಿಸಿದಳು. ನಿಮಿಷ ಮುಗಿದಾಗ ಯಾರೋ ಅವಳಿಗೆ ಕಂಬಳಿ ಹೊದಿಸಿ ಕರೆದೊಯ್ದರು. ವಾಪಸ್ಸು ಹೋಗುವಾಗ ಅವಳು ಬೇರೆ ವ್ಯಾನಿನಲ್ಲಿದ್ದಳು.

ತಿಂಗಳಾದ ಮೇಲೆ ಕಿರುಚು ಸೇರಿಸುವ ದಿನ ವರ್ಲಾಳಿಗೆ ಫೋನ್ ಮಾಡಿದರೆ, "ಗಂಟಲು ಸರಿ ಇಲ್ಲ" ಎಂದಳಂತೆ. "ನೀನೇ ಕಿರುಚು, ಮಾಡಿದೋನು ನೀನೇ ತಾನೇ," ಎಂದು ಇನೇಜ್ ಲಾನಿಯನ್ನು ಮೈಕಿನ ಮುಂದೆ ನಿಲ್ಲಿಸಿದಳು. ಎದುರಿನ ತೆರೆಯಲ್ಲಿ ಆ ತೆರೆದ ಬಾಯಿ. ಒಂದೇ ಟೇಕ್ ಎಂದು ಆಗಲೇ ಹೇಳಿದೆನಲ್ಲ, ಅದೊಂದು ನಿಜ. ನೀವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟುವ ಆ ಕಿರುಚು ಲಾನಿಯದು.

ಮೊದಲ ಪ್ರದರ್ಶನಕ್ಕೆ ವರ್ಲಾ ಬಂದಿದ್ದಳು, ಹಸಿರು ಕೋಟು ಹಾಕಿಕೊಂಡು. ಕುರ್ಚಿ ಸಿಕ್ಕಿದ್ದು ಲಾನಿಯ ಪಕ್ಕದಲ್ಲೇ. ತೆರೆಯ ಮೇಲೆ ಅವಳ ಬಾಯಿ ತೆರೆಯಿತು. ಜನ ಎದ್ದು ಕಿರುಚಿದರು. ಲಾನಿ ತಿರುಗಿ ನೋಡಿದ. ಅವಳು ಕುಳಿತಲ್ಲೇ, ತೆರೆಯ ಕಡೆ ನೋಡುತ್ತ, ಮೆಲ್ಲಗೆ ಏನೋ ಹೇಳುತ್ತಿದ್ದಳು. ತುಟಿ ಕದಲಿದ್ದು ಕಂಡಿತು, "ಮಕ್ಕಳೇ" ಎನ್ನುವುದನ್ನು ಎಳೆಯದೆ.

ದನಿ ಮಾತ್ರ ಕೇಳಿಸಲಿಲ್ಲ. ಥಿಯೇಟರಿನ ತುಂಬ ಲಾನಿಯ ಕಿರುಚೇ ಇತ್ತು.